ಕೆರೆಯ ದೋಣಿ ಕಡಲಿಗಿಳಿದ ದಿನ

"ಬಾಸ್ ಬೋಟ್ ಬಂದಿದೆ, ಇಳಿಸಲಿಕ್ಕೆ ಬನ್ನಿ" ಎಂದು ಆಫೀಸಿನ ವಿಲ್ಫ್ರೆಡ್ ಫೋನ್ ಮಾಡಿದಾಗ ಅದು ನಮ್ಮ ಕಂಪನಿಯ ಯಜಮಾನರ ಸ್ವಂತ ದೋಣಿಯಿರಬೇಕು ಎಂದುಕೊಂಡು ನಾನು ಶರ್ಟು ಬದಲಾಯಿಸಿ ಹೋಗಿದ್ದೆ.

ದೋಹಾದ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಯಾರ್ಡಿನಲ್ಲಿ ಕಂಟೇನರಿನ ಬಾಗಿಲು ತೆರೆದಿತ್ತು. ಟ್ರೇಲರ್ ಸಮೇತ ಹೊರಗೆ ಎಳೆದದ್ದು ಕೆಂಪು ಬಣ್ಣದ, ಅಭ್ರಕದ ಪುಡಿ ಎರಚಿದಂತೆ ಮಿನುಗುವ, ಉದ್ದಕ್ಕೆ ಚಪ್ಪಟೆಯಾದ ಒಂದು ದೋಣಿ. ಯಜಮಾನರು ಅಲ್ಲೆಲ್ಲೂ ಇರಲಿಲ್ಲ.

"ಬಾಸ್ ಅಂದರೆ ಮೀನು ಮಾರಾಯ್ರೆ" ಎಂದು ವಿಲ್ಫ್ರೆಡ್ ನಕ್ಕ. "ಅಮೆರಿಕದ ಕೆರೆಗಳಲ್ಲಿ ಸಿಗ್ತದಂತೆ. ಅದನ್ನು ಹಿಡಿಯಲಿಕ್ಕೆ ಮಾಡಿದ ದೋಣಿ ಇದು."

ನಾನು ಅದರ ಸುತ್ತ ಒಂದು ಸಲ ನಡೆದೆ. ಬದಿಯ ಗೋಡೆ ನನ್ನ ಮೊಣಕಾಲಿಗೂ ಬರುವಂತಿರಲಿಲ್ಲ. ಮುಂದೆ, ನಿಂತು ಗಾಳ ಎಸೆಯಲು ಅಂಗಳದಂತೆ ಸಪಾಟಾದ ಅಟ್ಟ. ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಅಟ್ಟದ ತುಂಬ ಕಾರ್ಪೆಟ್ ಹಾಸಿದ್ದರು. ಹಿಂದುಗಡೆ ಮಾತ್ರ ದೋಣಿಯ ಗಾತ್ರಕ್ಕೆ ಬೇಕಾದ್ದಕ್ಕಿಂತ ಮೂರು ಪಟ್ಟು ಅನ್ನಿಸುವಂಥ ಎಂಜಿನ್.

"ವಿಲ್ಲಿ, ಇದಕ್ಕೆ ಚಪ್ಪಲಿ ಬಿಟ್ಟು ಹತ್ತಬೇಕಾ?" ಎಂದು ಕೇಳಿದೆ. ಇಬ್ಬರೂ ನಕ್ಕೆವು. ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲಿ ನಡೆಯುತ್ತಿತ್ತು. ಓದುವವರಿಗಾಗಿ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಗಂಗಾಧರ, ಮಲ್ಪೆ ಕಡೆಯ ಮೊಗವೀರ. ಮೀಸೆ ಮೂಡುವ ಮೊದಲೇ ಬೋಟು ಹತ್ತಿದವನು, ದೊಡ್ಡ ಬಲೆಯ ಪರ್ಸೀನ್ ಬೋಟಿನಲ್ಲಿ ತಾಂಡೇಲನಾಗಿ ಚುಕ್ಕಾಣಿ ಹಿಡಿದವನು. ಎರಡು ಸಾವಿರದ ಇಸವಿ ದಾಟಿದ ಮೇಲೆ ಕತಾರಿಗೆ ಹೋಗಿ, ಮೀನುಗಾರಿಕೆಯ, ವಿಹಾರದ ದೋಣಿಗಳನ್ನು ಮಾರುವ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದೆ. ಮಾರಾಟಕ್ಕೆ ಮುಂಚೆ ಗಿರಾಕಿಯನ್ನು ಕೂರಿಸಿಕೊಂಡು ದೋಣಿಯನ್ನು ಸಮುದ್ರಕ್ಕೆ ಒಯ್ಯುವುದು, ಓಡಿಸಿ ತೋರಿಸುವುದು, ಓಡಿಸಲು ಕಲಿಸುವುದು, ಇಷ್ಟು ನನ್ನ ಕೆಲಸ. ಈಗ ಊರಲ್ಲಿ ಕೂತಿರುವಾಗ, ಅದೇ ಕೆಲಸಕ್ಕೆ ಕೊಲ್ಲಿಗೆ ಹೊರಟ ಹುಡುಗರು ಬಂದು ಅದು ಹೇಗೆ, ಇದು ಹೇಗೆ ಎಂದು ಕೇಳುತ್ತಾರೆ. ವೀಸಾ, ಸಂಬಳ, ರೂಮಿನ ವಿಚಾರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನೀರಿನ ವಿಚಾರ ಹೇಳುವವರು ಕಡಿಮೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನಮ್ಮ ಕಡಲು ಬೇರೆ, ಆ ಕಡಲು ಬೇರೆ. ನಮ್ಮ ಅಲೆ ದೂರದಿಂದ ಬರುತ್ತದೆ. ಎಷ್ಟೇ ಎತ್ತರವಿದ್ದರೂ ಒಂದು ಹೋಗಿ ಇನ್ನೊಂದು ಬರುವಷ್ಟರಲ್ಲಿ ಉಸಿರಾಡಲು ಸಮಯವಿರುತ್ತದೆ. ಕತಾರಿನ ಸಮುದ್ರಕ್ಕೆ ಆಳವಿಲ್ಲ. ಅಲ್ಲಿ ಗಾಳಿ ಎದ್ದರೆ ಅಲೆ ಗಿಡ್ಡ, ಕಡಿದು, ಒಂದರ ಬೆನ್ನಿಗೊಂದು. ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬಡಿದ ಹಾಗೆ ದೋಣಿಯನ್ನು ಬಡಿಯುತ್ತದೆ. ಸೇರಿದ ಹೊಸತರಲ್ಲಿ ಒಬ್ಬ ಕತಾರಿ ಮೇಷ್ಟರನ್ನು ಕೂರಿಸಿಕೊಂಡು ಮಲ್ಪೆಯ ಲೆಕ್ಕದಲ್ಲಿ ಅಲೆ ಹತ್ತಿಸಿದೆ. ಮೊದಲನೆಯದನ್ನು ಹತ್ತಿ ಇಳಿಯುವಷ್ಟರಲ್ಲಿ ಎರಡನೆಯದು ಮೂತಿಗೇ ಬಡಿಯಿತು. ಮುಂದಿನ ಗಾಜು ಚೌಕಟ್ಟಿನ ಸಮೇತ ಕಿತ್ತುಬಂದು ಅವರ ತೊಡೆಯ ಮೇಲೆ ಕೂತಿತು. ಮೇಷ್ಟರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇದನ್ನು ಬೇಕಾದಾಗ ಬಿಚ್ಚಿಕೊಳ್ಳಬಹುದಾ?" ಎಂದು ಬಹಳ ಗಂಭೀರವಾಗಿ ಕೇಳಿದರು. ದೋಣಿ ಅವರು ಕೊಂಡರು, ಆದರೆ ಗಾಜಿಲ್ಲದ್ದನ್ನು.

ಎರಡನೆಯದು ಗಾಳಿ. ಅಲ್ಲಿ ವಾಯವ್ಯದಿಂದ ಬೀಸುವ ಗಾಳಿಗೆ ಶಮಾಲ್ ಎನ್ನುತ್ತಾರೆ. ಪೂರ್ವದ ದಡದಲ್ಲಿ ನಿಂತರೆ ಅದು ನೆಲದ ಮೇಲಿಂದ, ನಮ್ಮ ಬೆನ್ನ ಹಿಂದಿನಿಂದ ಬರುತ್ತದೆ. ದಡದ ಬುಡದಲ್ಲಿ ನೀರು ಬಟ್ಟಲಲ್ಲಿಟ್ಟ ಎಣ್ಣೆಯ ಹಾಗೆ ಸುಮ್ಮನಿರುತ್ತದೆ. ಹೊರಗೆ ಹೋದಷ್ಟೂ ಅಲೆ ಬೆಳೆಯುತ್ತದೆ. ಹೋಗುವಾಗ ಗಾಳಿ ಬೆನ್ನಿಗಿರುವುದರಿಂದ ದೋಣಿ ಜಾರಿಕೊಂಡು ಹೋಗುತ್ತದೆ, ಏನೂ ತಿಳಿಯುವುದಿಲ್ಲ. ಮನೆ ಕಡೆ ತಿರುಗಿದಾಗಲೇ ಗೊತ್ತಾಗುವುದು.

ದೋಣಿ ಆರಿಸುವಾಗ ಗಿರಾಕಿಗಳು ಮೊದಲು ಎಂಜಿನ್ ನೋಡುತ್ತಾರೆ, ಆಮೇಲೆ ಸೀಟು, ಆಮೇಲೆ ಸ್ಪೀಕರು. ನಾನು ನೋಡುವುದು ಕೆಳಗೆ ಬಗ್ಗಿ. ತಳ ಕತ್ತಿಯ ಹಾಗೆ ಚೂಪಾಗಿದ್ದರೆ ಅಲೆಯನ್ನು ಸೀಳುತ್ತದೆ, ಚಪ್ಪಟೆಯಾಗಿದ್ದರೆ ಅಲೆಯ ಮೇಲೆ ಬೀಳುತ್ತದೆ. ಮೂತಿ ಎತ್ತರವಿದೆಯೇ, ಒಳಗೆ ಬಿದ್ದ ನೀರು ತಾನಾಗಿ ಹೊರಗೆ ಹೋಗಲು ದಾರಿಯಿದೆಯೇ, ಅಲುಗಾಡುವಾಗ ಕೈಗೆ ಸಿಗುವಂತೆ ಏನಾದರೂ ಇದೆಯೇ? ಕೊನೆಗೆ ಗಿರಾಕಿಯನ್ನು ಕೇಳಬೇಕಾದ ಒಂದೇ ಪ್ರಶ್ನೆ, "ಯಾರನ್ನು ಕೂರಿಸಿಕೊಂಡು ಹೋಗ್ತೀರಿ?" ಹೆಂಡತಿ ಮಕ್ಕಳನ್ನು ಎಂದವನಿಗೆ ಒಂದು ದೋಣಿ, ಒಬ್ಬನೇ ಎಂದವನಿಗೆ ಇನ್ನೊಂದು. ಬಾಸ್ ಬೋಟಿಗೆ ಈ ಪರೀಕ್ಷೆ ಇಟ್ಟರೆ ಅದು ಎಲ್ಲದರಲ್ಲೂ ನಪಾಸು. ಆದರೆ ಅದು ಕೆಟ್ಟ ದೋಣಿಯಲ್ಲ. ನಿಂತ ನೀರಿನಲ್ಲಿ ಅದರಷ್ಟು ಚುರುಕಾದದ್ದನ್ನು ನಾನು ಇನ್ನೊಂದು ಕಂಡಿಲ್ಲ.

ಅದನ್ನು ತರಿಸಿದ್ದು ಡೇಲ್ ಎಂಬ ಅಮೆರಿಕದವನಿಗಾಗಿ. ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಎಂಜಿನಿಯರು, ಭಾರೀ ಆಳು, ನಗುವಾಗ ಗಡ್ಡವೂ ಅಲುಗುತ್ತಿತ್ತು. ಟೆಕ್ಸಸ್ಸಿನ ಯಾವುದೋ ಸರೋವರದ ದಡದಲ್ಲಿ ಬೆಳೆದವನು. ಇಂಥ ದೋಣಿಯಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಸ್ಟೇರಿಂಗ್ ಹಿಡಿದವನು. ಆ ದೋಣಿಯ ಒಂದೊಂದು ತಿರುಪೂ ಅವನಿಗೆ ಗೊತ್ತಿತ್ತು. ಅವನ ಸ್ನೇಹಿತರು ಹಲವರು ಕಾದಿದ್ದರು: ಡೇಲ್ ಒಪ್ಪಿದರೆ ತಮಗೂ ಅಂಥದ್ದೇ ಬೇಕು ಎಂದು. ಹಾಗಾಗಿ ಆ ಟ್ರಯಲ್ ಬಗ್ಗೆ ನಮ್ಮ ಆಫೀಸಿನಲ್ಲಿ ಭಾರೀ ಉತ್ಸಾಹ.

ಆಫೀಸು ಎಂದರೆ ಮುಶೈರಿಬ್‌ನ ಹಳೆಯ ಗಲ್ಲಿಯಲ್ಲಿ ಮಹಡಿಯ ಮೇಲಿನ ಎರಡು ಕೋಣೆ. ಅಲ್ಲಿ ಕೂರುತ್ತಿದ್ದವರು ನಮ್ಮ ಮ್ಯಾನೇಜರ್ ಕಮಾಲ್ ಸಾಹೇಬರು, ಈಜಿಪ್ಟಿನವರು. ಅವರ ಗಂಟಲು ಎಷ್ಟು ದೊಡ್ಡದೆಂದರೆ ಫೋನಿನಲ್ಲಿ ಮಾತಾಡುವಾಗ ಫೋನೇ ಬೇಡ ಅನ್ನಿಸುತ್ತಿತ್ತು. ಬೈದರೆ ಅರ್ಧ ಗಂಟೆಯಲ್ಲಿ ಮರೆಯುತ್ತಿದ್ದರು, ಮಾತು ಕೊಟ್ಟರೆ ವರ್ಷವಾದರೂ ಮರೆಯುತ್ತಿರಲಿಲ್ಲ. ಮಾರಾಟ ನೋಡಿಕೊಳ್ಳುತ್ತಿದ್ದವನು ಶಿರ್ವ ಕಡೆಯ ಕ್ರಿಶ್ಚಿಯನ್ ಹುಡುಗ ವಿಲ್ಫ್ರೆಡ್. ತೆಳ್ಳಗಿನ ಮೈ, ಇಸ್ತ್ರಿ ಮುರಿಯದ ಶರ್ಟು, ಯಾರನ್ನೂ ಒಪ್ಪಿಸುವ ಮಾತು. ದಿನಾ ದೋಣಿ ಮಾರುವ ಅವನಿಗೆ ಈಜು ಬರುತ್ತಿರಲಿಲ್ಲ. ಮುಐದರಿನಲ್ಲಿ ನಾನಿದ್ದ ವಿಲ್ಲಾದ ಹಿಂದಿನ ಭಾಗದಲ್ಲೇ ಅವನೂ ಅವನ ಹೆಂಡತಿ ಜಾನೆಟ್ ಬಾಯಿಯೂ ಇದ್ದರು. ಆಕೆ ನರ್ಸು. ಹಂದಿಮಾಂಸ ಸಿಗದ ಆ ಊರಿನಲ್ಲಿ ಭಾನುವಾರ ಕೋಳಿಗೇ ಹಂದಿಯ ಮಸಾಲೆ ಹಾಕಿ ನನ್ನನ್ನೂ ಊಟಕ್ಕೆ ಕರೆಯುತ್ತಿದ್ದರು.

ಟ್ರಯಲಿನ ದಿನ ಚಳಿಗಾಲದ ಒಂದು ಶುಕ್ರವಾರ. ಮರುದಿನ ಡೇಲ್ ರಜೆಗೆ ಊರಿಗೆ ಹಾರುವವನಿದ್ದ. ನಾವು ಮೂವರೂ ಬೆಳಿಗ್ಗೆ ಅಲ್ ಖೋರ್ ಜೆಟ್ಟಿಗೆ ಬಂದು ದೋಣಿ ಇಳಿಸಿದೆವು. ನೀರು ಕನ್ನಡಿ. ಡೇಲ್ ಸೀಟಿ ಹೊಡೆದ. ಆದರೆ ಮೀನುಗಾರರ ಲಾಂಚುಗಳು ಒಂದೂ ಹೊರಟಿರಲಿಲ್ಲ, ಅಷ್ಟೂ ಕಟ್ಟಿಯೇ ಇದ್ದವು. ಬಡಗು ದಿಕ್ಕಿನಲ್ಲಿ, ನೆಲದ ಅಂಚಿಗೆ, ಸೋಸಿದ ಚಹಾದ ಬಣ್ಣದ ಒಂದು ತೆಳು ಗೆರೆ ಕಾಣುತ್ತಿತ್ತು.

"ವಿಲ್ಲಿ, ಒಬ್ಬನೂ ಹೋಗಲಿಲ್ಲ ನೋಡು" ಎಂದೆ.

"ಇವತ್ತು ಶುಕ್ರವಾರ ಅಲ್ವಾ ಮಾರಾಯ್ರೆ, ನಮಾಜಿಗೆ ನಿಂತಿರ್ತಾರೆ."

ಅದೂ ಇರಬಹುದು. ಕಮಾಲ್ ಸಾಹೇಬರಿಗೆ ಫೋನ್ ಮಾಡಿದೆ.

"ಸಮುದ್ರ ಹೇಗಿದೆ?" ಎಂದರು.

"ಇಲ್ಲಿ ಚೆನ್ನಾಗಿದೆ ಸಾಹೇಬ್. ಹೊರಗೆ ಹೇಗೋ ಗೊತ್ತಿಲ್ಲ. ಗಾಳಿ ಬರುವ ಹಾಗೆ ಕಾಣ್ತದೆ."

"ಬಂದಾಗ ನೋಡೋಣ. ಆ ಮನುಷ್ಯ ನಾಳೆ ಹೋಗ್ತಾನೆ. ಯಲ್ಲಾ, ಯಲ್ಲಾ, ಹೊರಡಿ!"

ಆ ಕಾಲದಲ್ಲಿ ಹೋಗುವುದೋ ಬಿಡುವುದೋ ಎಂದು ಹೇಳುವ ಅಧಿಕಾರ ಆಫೀಸಿನದು. ಮೂವರಿಗೂ ಲೈಫ್ ಜಾಕೆಟ್ ಹಾಕಿಸಿದೆ. ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಜೇಬಿಗೆ ಹಾಕಿದೆ.

ಡೇಲ್ ಆಗ್ನೇಯಕ್ಕೆ ಓಡಿಸಿದ. ದೋಣಿ ನೀರನ್ನು ಮುಟ್ಟಿತೋ ಇಲ್ಲವೋ ಎನ್ನುವಂತೆ ಹಾರಿತು. ವಿಲ್ಫ್ರೆಡ್ಡನ ಕಣ್ಣಲ್ಲಿ ನೀರು ಬಂದು ಕಿವಿಯ ಕಡೆ ಹರಿಯುತ್ತಿತ್ತು, ಆದರೂ ಅವನು ಮಾರಾಟದ ನಗು ಬಿಟ್ಟಿರಲಿಲ್ಲ. ದಡ ಹಿಂದೆ ಹೋಗಿ ಒಂದು ಗೀಟಾಯಿತು. ನೀರೊಳಗೆ ಬಂಡೆಯಿರುವ ಕಡೆ ನಿಲ್ಲಿಸಿ ಡೇಲ್ ಮುಂದಿನ ಅಟ್ಟಕ್ಕೆ ಹೋದ. ಅಲ್ಲಿ ಸದ್ದಿಲ್ಲದೆ ದೋಣಿಯನ್ನು ಅತ್ತಿತ್ತ ಸರಿಸಲು ಬ್ಯಾಟರಿಯ ಒಂದು ಪುಟ್ಟ ಮೋಟಾರು ಇರುತ್ತದೆ. ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಫ್ಯಾನಿನ ಹಾಗೆ. ಬೇಕಾದಾಗ ನೀರಿಗೆ ಇಳಿಸಬೇಕು, ಬೇಡವಾದಾಗ ಮಡಚಿ ಅಟ್ಟದ ಮೇಲೆ ಪಟ್ಟಿಯಿಂದ ಕಟ್ಟಬೇಕು. ಅವನು ಅದನ್ನು ಕಾಲಲ್ಲೇ ನಡೆಸುತ್ತ ಗಾಳ ಎಸೆದ. ಶೇರಿ ಮೀನು ಒಂದರ ಹಿಂದೆ ಒಂದು ಬಂತು.

ಮೊದಲು ಬದಲಾದದ್ದು ವಾಸನೆ. ಸಮುದ್ರದ ನಡುವೆ ಒಣ ಮಣ್ಣಿನ ವಾಸನೆ. ಆಮೇಲೆ ಕುತ್ತಿಗೆಯ ಹಿಂದೆ ತಣ್ಣಗಾಯಿತು. ತಿರುಗಿ ನೋಡಿದರೆ ದಡದ ಗೀಟು ಇರಲಿಲ್ಲ. ಅದರ ಜಾಗದಲ್ಲಿ ಚಹಾ ಬಣ್ಣದ ಗೋಡೆ.

"ಖಲಾಸ್, ಹೊರಡೋಣ" ಎಂದೆ. ಡೇಲ್ ತಕ್ಷಣ ಗಾಳ ಸುತ್ತಿಕೊಂಡ. ಮೋಟಾರು ಮಡಚಿ ಕಟ್ಟಿ ಸ್ಟೇರಿಂಗಿಗೆ ಬಂದ.

ಅಲ್ ಖೋರ್ ಕಡೆ ಮೂತಿ ತಿರುಗಿಸಿದ್ದೇ ಗಾಳಿ ನೇರ ಮುಖಕ್ಕೆ. ಆಗಲೇ ನೀರು ಎದ್ದು ನಿಂತಿತ್ತು. ಮೊದಲ ಅಲೆಗೆ ದೋಣಿ ಹಾರಿ ಬಿತ್ತು, ತಳ ಚಪ್ಪಟೆಯಾದ್ದರಿಂದ ಹಲಗೆ ಬಡಿದ ಹಾಗೆ ಸದ್ದು. ಬೆನ್ನುಮೂಳೆ ತಲೆಗೆ ಹೊಡೆದಂತಾಯಿತು. ಎರಡನೆಯದಕ್ಕೆ ವೇಗ ತಗ್ಗಿಸಿದ, ಮೂತಿ ಕೆಳಗಾಗಿ ನೀರು ಅಟ್ಟದ ಮೇಲೆ ಹರಿದು ನಮ್ಮ ಪಾದಕ್ಕೆ ಬಂತು. ಜೋರು ಹೋದರೆ ಒಡೆಯುತ್ತದೆ, ನಿಧಾನ ಹೋದರೆ ಮುಳುಗುತ್ತದೆ. ಡೇಲ್ ನನ್ನ ಮುಖ ನೋಡಿದ.

"ಗಂಗಾ, ಈ ದೋಣಿ ನನಗೆ ಗೊತ್ತು. ಈ ನೀರು ಗೊತ್ತಿಲ್ಲ" ಎಂದ. ಎದ್ದು ಸೀಟು ಬಿಟ್ಟುಕೊಟ್ಟ.

ನಾನು ಕೂತು, ಎಂಜಿನ್ ಆರಿಸುವ ಹಗ್ಗದ ಕೊಕ್ಕೆಯನ್ನು ಜಾಕೆಟ್ಟಿಗೆ ಸಿಕ್ಕಿಸಿದೆ. ಚಾಲಕ ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲಬೇಕಲ್ಲ. ಆಮೇಲೆ ಮೂತಿಯನ್ನು ಅಲ್ ಖೋರಿನಿಂದ ತಪ್ಪಿಸಿ ನೇರ ಪಶ್ಚಿಮಕ್ಕೆ ಹಿಡಿದೆ.

"ಗಂಗಾಧರಣ್ಣ, ಎಲ್ಲಿಗೆ?" ವಿಲ್ಫ್ರೆಡ್ ಕಿರುಚಿದ. "ಜೆಟ್ಟಿ ಆ ಕಡೆ! ನಮ್ಮ ಗಾಡಿ, ಟ್ರೇಲರ್ ಎಲ್ಲ ಅಲ್ಲಿ ಉಂಟು!"

"ಗಾಡಿ ಅಲ್ಲೇ ಇರ್ಲಿ. ನಾವು ಹತ್ತಿರದ ದಡಕ್ಕೆ ಹೋಗುವ."

ಹುಡುಗರು ಇದನ್ನು ಮನಸ್ಸಿನಲ್ಲಿಡಬೇಕು. ಗಾಳಿ ಎದ್ದಾಗ ಮನೆಗೆ ಗುರಿಯಿಡಬಾರದು. ಗಾಳಿ ಯಾವ ದಡದ ಮೇಲಿಂದ ಬರುತ್ತದೋ ಆ ದಡಕ್ಕೆ ಗುರಿಯಿಡಬೇಕು. ಹತ್ತಿರವಾದಷ್ಟೂ ಅಲೆ ಚಿಕ್ಕದಾಗುತ್ತದೆ. ಪಶ್ಚಿಮಕ್ಕೆ ಹಿಡಿದರೆ ಅಲೆ ಎದೆಗೆ ಬಡಿಯುವ ಬದಲು ಬಲಭುಜಕ್ಕೆ ಬರುತ್ತದೆ. ಹತ್ತುವಾಗ ಸ್ವಲ್ಪ ವೇಗ ಕೊಟ್ಟು, ನೆತ್ತಿಯಲ್ಲಿ ಸಡಿಲಿಸಿ, ಇಳಿಯುವ ಮೊದಲೇ ಮತ್ತೆ ವೇಗ ಕೊಡಬೇಕು. ಪ್ರತಿ ಅಲೆಗೂ ಕೈ ಎಚ್ಚರವಿರಬೇಕು. ಅರೆಕ್ಷಣ ಬೇರೆ ಕಡೆ ನೋಡಿದರೆ ಮುಗಿಯಿತು.

ಹಾಗೆ ಒಂದಷ್ಟು ದೂರ ಬಂದೆವು. ಕೈಗೆ ಲಯ ಸಿಕ್ಕಿತು ಅನ್ನುವಾಗ ಮುಂದಿನಿಂದ 'ಫಟ್' ಎಂದು ಸದ್ದಾಯಿತು. ಬ್ಯಾಟರಿ ಮೋಟಾರಿನ ಪಟ್ಟಿ ಹರಿದಿತ್ತು. ಮೋಟಾರು ಅಟ್ಟದ ಮೇಲೆ ಎರಡು ಸಲ ಕುಣಿದು ಎಡಗಡೆ ನೀರಿಗೆ ಬಿತ್ತು. ಕೋಲು ದೋಣಿಗೇ ಕಚ್ಚಿಕೊಂಡಿದ್ದರಿಂದ ಅದು ನೀರೊಳಗೆ ಲಂಗರಿನ ಹಾಗೆ ನಿಂತು ಮೂತಿಯನ್ನು ಎಡಕ್ಕೆ ಎಳೆಯತೊಡಗಿತು. ನಾನು ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ. ಆದರೂ ದೋಣಿ ನಿಧಾನವಾಗಿ ಅಲೆಗೆ ಅಡ್ಡವಾಗುತ್ತಿತ್ತು. ಮೊಣಕಾಲೆತ್ತರದ ಗೋಡೆಯ ದೋಣಿ ಅಲೆಗೆ ಅಡ್ಡ ಬಿದ್ದರೆ ಎಷ್ಟು ಹೊತ್ತು ನಿಲ್ಲುತ್ತದೆ?

ಡೇಲ್ ಎದ್ದ. "ಕೂತ್ಕೋ!" ಎಂದು ನಾನು ಕೂಗಿದೆ. ಅಷ್ಟು ಭಾರದ ಆಳು ಮುಂದೆ ಹೋದರೆ ಮೂತಿ ನೀರೊಳಗೇ ಇಳಿಯುತ್ತಿತ್ತು. ಅದು ಅವನಿಗೂ ಗೊತ್ತಾಯಿತು. ನಾನು ಸ್ಟೇರಿಂಗ್ ಬಿಡುವಂತಿಲ್ಲ. ನಾವಿಬ್ಬರೂ ಬಾಯಿ ಬಿಡುವ ಮೊದಲೇ ವಿಲ್ಫ್ರೆಡ್ ಶೂ ಬಿಚ್ಚುತ್ತಿದ್ದ.

"ವಿಲ್ಲಿ, ಬೇಡ."

"ಮತ್ತೆ ಯಾರು ಹೋಗುವುದು? ನೀವಾ?"

ಡೇಲ್ ಲಂಗರಿನ ಹಗ್ಗ ತೆಗೆದು ಅವನ ಜಾಕೆಟ್ಟಿನ ಬೆನ್ನಿಗೆ ಗಂಟು ಹಾಕಿ, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು ನನ್ನ ಪಕ್ಕದಲ್ಲಿ ಕೂತ. ವಿಲ್ಫ್ರೆಡ್ ಹೊಟ್ಟೆಯ ಮೇಲೆ ತೆವಳಿದ. ಹಿಡಿಯಲು ಏನೂ ಇಲ್ಲ. ಒದ್ದೆ ಕಾರ್ಪೆಟ್ಟಿಗೆ ಉಗುರು ಊರಿ ಹೋದ. ಒಂದು ಅಲೆ ಬಂದು ಅವನನ್ನು ಪೂರ್ತಿ ಮುಚ್ಚಿತು. ನೀರು ಸರಿದಾಗ ಅವನು ಇನ್ನೂ ಅಲ್ಲೇ ಇದ್ದ. ಮೂತಿಯ ತುದಿಗೆ ಹೋಗಿ ಎರಡೂ ಕೈ ನೀರಿಗೆ ಹಾಕಿ ಮೋಟಾರಿನ ಕೋಲು ಹಿಡಿದು ಎಳೆದ. ಬರಲಿಲ್ಲ. ಅಲೆ ಎತ್ತಿ ಕೊಟ್ಟ ಕ್ಷಣ ನೋಡಿ ಮತ್ತೆ ಎಳೆದ. ಮೋಟಾರು ಅಟ್ಟದ ಮೇಲೆ ಬಿತ್ತು, ಅವನ ಬಲಗೈ ಅದರ ಕೆಳಗೆ ಸಿಕ್ಕಿತು. ಅವನ ಕೂಗು ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿಸಿತು.

ಕೋಲು ಬಾಗಿಹೋಗಿತ್ತು, ಮಡಚಿ ಕಟ್ಟುವಂತಿರಲಿಲ್ಲ. ಬಿಟ್ಟರೆ ಮತ್ತೆ ನೀರಿಗೆ. ವಿಲ್ಫ್ರೆಡ್ ಅದರ ಮೇಲೆ ಮಲಗಿ ತಬ್ಬಿಕೊಂಡ. ದೋಣಿ ಮತ್ತೆ ನನ್ನ ಕೈಯ ಮಾತು ಕೇಳಿತು. ಆದರೆ ಈಗ ಅವನ ಭಾರವೂ ಮೋಟಾರಿನ ಭಾರವೂ ತುದಿಯಲ್ಲೇ. ಮೂತಿ ಏಳುತ್ತಿರಲಿಲ್ಲ. ಮುಂದಿನ ಅಲೆಯನ್ನು ದೋಣಿ ಹತ್ತಲಿಲ್ಲ, ಅದರೊಳಗೇ ಹೊಕ್ಕಿತು. ಹಸಿರು ನೀರಿನ ಗಟ್ಟಿ ಮುದ್ದೆ ಅಟ್ಟದ ಮೇಲೆ ಉರುಳಿ ಬಂತು. ವಿಲ್ಫ್ರೆಡ್ ಕಾಣಲಿಲ್ಲ. ನನ್ನ ಕೈ ತಾನಾಗಿ ವೇಗ ಇಳಿಸಲು ಹೋಯಿತು. ಮಲ್ಪೆಯಲ್ಲಿ ನಾವು ಮಾಡುವುದು ಅದನ್ನೇ.

"ಇಳಿಸಬೇಡ! ವೇಗ ಕೊಡು!" ಡೇಲ್ ತನ್ನ ದೊಡ್ಡ ಕೈಯನ್ನು ನನ್ನ ಕೈಮೇಲೆ ಇಟ್ಟು ಲಿವರನ್ನು ಮುಂದಕ್ಕೆ ಒತ್ತಿದ. ಎಂಜಿನ್ ಗುಡುಗಿತು, ಹಿಂಬದಿ ಕುಳಿತು ಮೂತಿ ಎದ್ದಿತು. ನೀರೆಲ್ಲ ನಮ್ಮ ಮೊಣಕಾಲನ್ನು ತಳ್ಳಿಕೊಂಡು ಹಿಂದಕ್ಕೆ ಹೋಗಿ ಹೊರಗೆ ಸುರಿಯಿತು. ವೇಗ ಇಳಿಸಿದ್ದರೆ ಆ ನೀರು ನಮ್ಮೊಂದಿಗೇ ಉಳಿಯುತ್ತಿತ್ತು. ವಿಲ್ಫ್ರೆಡ್ಡನ ತಲೆ ಕಾಣಿಸಿತು. ಅವನು ಕೆಮ್ಮುತ್ತಿದ್ದ. ಮೋಟಾರನ್ನು ಬಿಟ್ಟಿರಲಿಲ್ಲ.

"ಈಗ ಕೇಳು" ಎಂದ ಡೇಲ್, ನನ್ನ ಕಿವಿಗೆ ಬಾಯಿಟ್ಟು. "ಹಿಂದೆ ಹಿಡಿದ ಮೀನನ್ನು ಜೀವಂತ ಇಡುವ ತೊಟ್ಟಿ ಇದೆಯಲ್ಲ, ಅದಕ್ಕೆ ನೀರು ತುಂಬಿಸ್ತೇನೆ."

"ಏನು?"

"ನೀರು. ಪಂಪು ಹಾಕಿ ಪೂರ್ತಿ ತುಂಬಿಸ್ತೇನೆ. ಹಿಂದೆ ಭಾರ ಬಂದರೆ ಮೂತಿ ಏಳ್ತದೆ."

ಚಿಕ್ಕಂದಿನಿಂದ ದೋಣಿಯ ನೀರನ್ನು ಹೊರಗೆ ಹಾಕುವುದನ್ನೇ ಕಲಿತವನು ನಾನು. ಮುಳುಗುವ ಹೊತ್ತಿನಲ್ಲಿ ಬೇಕೆಂದೇ ಒಳಗೆ ನೀರು ತುಂಬಿಸುವ ಮನುಷ್ಯನನ್ನು ಕಂಡಿರಲಿಲ್ಲ. ಯೋಚಿಸಲು ಸಿಕ್ಕಿದ್ದು ಒಂದು ಅಲೆಯಿಂದ ಇನ್ನೊಂದು ಅಲೆಯವರೆಗಿನ ಹೊತ್ತು. ನಾನು ಹಿಡಿದ ದಿಕ್ಕನ್ನು ಅವನು ಪ್ರಶ್ನಿಸದೆ ಒಪ್ಪಿದ್ದ.

"ಹಾಕು" ಎಂದೆ.

ಅವನು ಸ್ವಿಚ್ಚು ಒತ್ತಿ, ತಾನೂ ಹೋಗಿ ಎಂಜಿನ್ನಿಗೆ ಬೆನ್ನು ತಾಗಿಸಿ ಹಿಂದಿನ ಅಂಚಿನಲ್ಲಿ ಕೂತ. ಹಗ್ಗವನ್ನು ಅಷ್ಟಷ್ಟೇ ಸಡಿಲಿಸಿಕೊಂಡು ಹೋದ, ಕೈಬಿಡಲಿಲ್ಲ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸ್ಟೇರಿಂಗಿನಲ್ಲಿ ಗೊತ್ತಾಯಿತು. ಹಟ ಹಿಡಿದ ಎತ್ತು ಕತ್ತು ಎತ್ತಿದ ಹಾಗೆ ಮೂತಿ ಎದ್ದಿತು. ಮುಂದಿನ ಅಲೆಯನ್ನು ದೋಣಿ ಹತ್ತಿತು. ಅದರ ಮುಂದಿನದನ್ನೂ.

ಅಲ್ಲಿಂದ ಎಷ್ಟು ಹೊತ್ತಾಯಿತೋ ಹೇಳಲಾರೆ. ಬಾಯಲ್ಲೆಲ್ಲ ಮರಳು, ಕಣ್ಣಲ್ಲಿ ಉಪ್ಪು. ಮುಂದೆ ವಿಲ್ಫ್ರೆಡ್ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದುದು ಗಾಳಿ ತಿರುಗಿದಾಗ ತುಂಡುತುಂಡಾಗಿ ಕೇಳುತ್ತಿತ್ತು. ಕೇಳದಿದ್ದಾಗಲೆಲ್ಲ ನಾನು "ವಿಲ್ಲೀ!" ಎಂದು ಕೂಗುತ್ತಿದ್ದೆ. ಅವನು ಕಾಲು ಅಲುಗಿಸುತ್ತಿದ್ದ. ಕ್ರಮೇಣ ಅಲೆ ಸೊಂಟದೆತ್ತರಕ್ಕೆ ಇಳಿಯಿತು, ಆಮೇಲೆ ಮೊಣಕಾಲೆತ್ತರಕ್ಕೆ. ನೀರಿನ ಬಣ್ಣ ತಿಳಿಯಾಯಿತು. ಒಮ್ಮೆಗೇ ಅಲೆಯೇ ಇಲ್ಲ. ತಲೆಯ ಮೇಲೆ ಗಾಳಿ ಕಿರುಚುತ್ತಿದ್ದರೂ ಕೆಳಗೆ ನೀರು ಬರೀ ನಡುಗುತ್ತಿತ್ತು. ಧೂಳಿನೊಳಗಿಂದ ಒಂದು ಮಸೀದಿಯ ಗೋಪುರ ಕಂಡಿತು. ಸುಮೈಸ್ಮಾ ಊರು.

ನೀರು ತೊಡೆಯಷ್ಟಾದಾಗ ಎಂಜಿನ್ ನಿಲ್ಲಿಸಿದೆ. ವಿಲ್ಫ್ರೆಡ್ಡನನ್ನು ಎಬ್ಬಿಸಲು ಹೋದರೆ ಅವನ ತೋಳು ಬಿಡಿಸಲಿಕ್ಕೇ ಆಗಲಿಲ್ಲ. "ಬಂತು ಮಾರಾಯ, ದಡ ಬಂತು, ಬಿಡು" ಎಂದು ಮತ್ತೆ ಮತ್ತೆ ಹೇಳಬೇಕಾಯಿತು. ಬಲಗೈಯ ಬೆರಳುಗಳು ನೋಡುವಂತಿರಲಿಲ್ಲ. ಡೇಲ್ ಅವನನ್ನು ಮಗುವಿನ ಹಾಗೆ ಎತ್ತಿಕೊಂಡು ನೀರಿನಲ್ಲಿ ನಡೆದ. ದಡದಲ್ಲಿ ಪಿಕಪ್ ನಿಲ್ಲಿಸಿಕೊಂಡಿದ್ದ ಒಬ್ಬ ಕತಾರಿ ಮುದುಕರು ಏನನ್ನೂ ಕೇಳದೆ ತಮ್ಮ ತಲೆವಸ್ತ್ರ ಗುತ್ರಾ ಬಿಚ್ಚಿ ವಿಲ್ಫ್ರೆಡ್ಡನ ಕೈಗೆ ಸುತ್ತಿ ಆಸ್ಪತ್ರೆಯ ಕಡೆ ಗಾಡಿ ತಿರುಗಿಸಿದರು.

ಆಸ್ಪತ್ರೆಗೆ ಜಾನೆಟ್ ಬಾಯಿ ಡ್ಯೂಟಿಯ ಬಿಳಿ ಬಟ್ಟೆಯಲ್ಲೇ ಬಂದರು. ಮೊದಲು ಒಳಗೆ ಹೋಗಿ ಗಂಡನ ಕೈ, ಎಕ್ಸ್‌ರೇ, ಇಂಜೆಕ್ಷನ್ ಎಲ್ಲ ನರ್ಸಿನ ಹಾಗೆ ನೋಡಿದರು. ಆಮೇಲೆ ಹೊರಗೆ ಬಂದು ನನ್ನೆದುರು ನಿಂತರು.

"ಅವರಿಗೆ ಈಜು ಬರುವುದಿಲ್ಲ ಅಂತ ನಿಮಗೆ ಗೊತ್ತಿತ್ತಲ್ಲ ಗಂಗಾಧರಣ್ಣ?"

"ಗೊತ್ತಿತ್ತು ಬಾಯಿ."

"ಆದರೂ ಕಳಿಸಿದಿರಿ."

ಅವನೇ ಎದ್ದು ಹೋದ ಎಂದು ಹೇಳಬಹುದಿತ್ತು. ಬೇರೆ ದಾರಿ ಇರಲಿಲ್ಲ ಎಂದೂ ಹೇಳಬಹುದಿತ್ತು. ಎರಡೂ ನಿಜ. ಬೆಂಚಿನ ಮೇಲೆ ಕೂತಿದ್ದ ಡೇಲ್ ಎದ್ದು ಬಂದು, "ಮೇಡಂ, ನಿಮ್ಮ ಗಂಡ ಇಲ್ಲದಿದ್ದರೆ ನಾವಿಬ್ಬರೂ ಇಲ್ಲಿ ನಿಲ್ಲುತ್ತಿರಲಿಲ್ಲ" ಎಂದ. ಆಗ ಆಕೆ ಅತ್ತರು. ಅಳುತ್ತಲೇ ನನ್ನ ಒದ್ದೆ ಬಟ್ಟೆ ನೋಡಿ, ಯಾರಿಂದಲೋ ಒಂದು ಕಂಬಳಿ ತರಿಸಿ ಕೊಟ್ಟರು.

ಕಮಾಲ್ ಸಾಹೇಬರು ಸಂಜೆಗೆ ಬಂದರು. ಅವರು ಬಂದದ್ದು ಯಾರಿಗೂ ಕೇಳಿಸಲಿಲ್ಲ. ಅದೇ ದೊಡ್ಡ ವಿಚಿತ್ರ. ವಿಲ್ಫ್ರೆಡ್ಡನ ಹಾಸಿಗೆಯ ಪಕ್ಕ ಬಹಳ ಹೊತ್ತು ಕೂತರು. ಹೊರಡುವಾಗ ಕಾರಿಡಾರಿನಲ್ಲಿ ನನ್ನ ಭುಜ ಹಿಡಿದು ಹೇಳಿದರು: "ಇವತ್ತಿನಿಂದ ನಾನು ಫೋನಿನಲ್ಲಿ ಸಮುದ್ರ ನೋಡುವುದಿಲ್ಲ. ಜೆಟ್ಟಿಯಲ್ಲಿ ನಿಂತವನು ನೀನು. ನೀನು ಬೇಡ ಅಂದರೆ ಬೇಡ. ಇಲ್ಲ ಅಂದರೆ ಇಲ್ಲ. ಯಜಮಾನರೇ ಕೇಳಿದರೂ ನಾನು ಉತ್ತರ ಕೊಡ್ತೇನೆ."

ಡೇಲ್ ರಜೆ ಮುಗಿಸಿ ಬಂದ ಮೇಲೆ ಬೇರೆ ದೋಣಿ ತೆಗೆದುಕೊಂಡ. ಮೂತಿ ಎತ್ತರದ, ತಳ ಚೂಪಾದ ದೋಣಿ. ನಾವಿಬ್ಬರೂ ಸೇರಿ, ಕೆಳಗೆ ಬಗ್ಗಿ ನೋಡಿಯೇ ಆರಿಸಿದ್ದು. ಬಾಸ್ ಬೋಟು ರಿಪೇರಿಯಾಗಿ, ಗೋಡೆ ಕಟ್ಟಿದ ಒಳನೀರು ಇರುವ ಒಂದು ರೆಸಾರ್ಟಿಗೆ ಹೋಯಿತು. ಅಲ್ಲಿ ಅದು ಸುಖವಾಗಿತ್ತು. ವಿಲ್ಫ್ರೆಡ್ಡನ ಎರಡು ಬೆರಳು ಮಡಚದ ಹಾಗಾದವು. ಅವನು ಎಡಗೈಯಲ್ಲಿ ಸಹಿ ಹಾಕಲು ಕಲಿತ, ಕೆಲಸಕ್ಕೆ ಮರಳಿದ. ಜಾನೆಟ್ ಬಾಯಿ ಊಟಕ್ಕೆ ಕರೆಯುವುದನ್ನು ಕೆಲವು ತಿಂಗಳು ನಿಲ್ಲಿಸಿದ್ದರು. ಆಮೇಲೊಂದು ಭಾನುವಾರ ಮೊದಲಿನ ಹಾಗೇ ಕರೆದರು.

ಇಲ್ಲಿಗೆ ಮುಗಿಸಿದರೆ ಹುಡುಗರಿಗೆ ಅರ್ಧವೇ ಹೇಳಿದಂತೆ. 'ಬೇಡ' ಎನ್ನುವ 
ಅಧಿಕಾರ ಸಿಕ್ಕಿದರೆ ಕೆಲಸ ಹಗುರವಾಯಿತು ಎಂದುಕೊಳ್ಳುತ್ತಾರೆ. ಹಾಗಲ್ಲ.

ಮುಂದಿನ ವರ್ಷ ಇರಬೇಕು, ಒಬ್ಬ ದೊಡ್ಡ ಗಿರಾಕಿ ಬಂದರು. ಹೋಟೆಲಿಗಾಗಿ ಒಂದೇ ಸಲಕ್ಕೆ ಹಲವು ದೋಣಿ ಕೊಳ್ಳುವವರು. ವಿಲ್ಫ್ರೆಡ್ ತಿಂಗಳುಗಟ್ಟಲೆ ಓಡಾಡಿ ಅವರನ್ನು ಒಪ್ಪಿಸಿದ್ದ. ಟ್ರಯಲಿಗೆ ಅವರು ತಾಯಿಯನ್ನೂ ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಅಲ್ ಖೋರಿಗೆ ಬಂದರು. ಕಮಾಲ್ ಸಾಹೇಬರೂ ಇದ್ದರು. ನೀರು ಕನ್ನಡಿ. ಹವಾಮಾನದ ವರದಿ ಆಗ ಕಂಪ್ಯೂಟರಿನಲ್ಲೇ ಬರತೊಡಗಿತ್ತು. ಅದರಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳಬಹುದು ಎಂದಿತ್ತು. ಬಡಗು ದಿಕ್ಕಿನಲ್ಲಿ ಮಬ್ಬು ಇತ್ತೋ, ನನ್ನ ಕಣ್ಣಲ್ಲೇ ಇತ್ತೋ.

"ಇವತ್ತು ಬೇಡ" ಎಂದೆ.

ಗಿರಾಕಿ ಸಮುದ್ರ ನೋಡಿದರು, ನನ್ನನ್ನು ನೋಡಿದರು. "ಇದರಲ್ಲಿ ಏನು ಬೇಡ? ನನ್ನ ತಾಯಿ ಇದರಲ್ಲಿ ನಡೆದುಕೊಂಡು ಹೋಗಬಹುದು" ಎಂದರು. ವಿಲ್ಫ್ರೆಡ್ ನನ್ನ ಕಡೆ ನೋಡದೆ ನೆಲ ನೋಡುತ್ತಿದ್ದ. ಕಮಾಲ್ ಸಾಹೇಬರು ಮಾತ್ರ, "ಚಾಲಕ ಬೇಡ ಅಂದಿದ್ದಾನೆ. ಕ್ಷಮಿಸಿ" ಎಂದರು. ಅವರ ದನಿ ಅಷ್ಟು ಸಣ್ಣಗೆ ಬಂದದ್ದನ್ನು ನಾನು ಕೇಳಿದ್ದು ಅದು ಎರಡನೆಯ ಸಲ. ಗಿರಾಕಿ ತಾಯಿಯನ್ನೂ ಮಕ್ಕಳನ್ನೂ ಕಾರಿಗೆ ಹತ್ತಿಸಿಕೊಂಡು ಹೋದರು. ಬೇರೆ ಕಂಪನಿಗೆ ಹೋದರು ಎಂದು ಆಮೇಲೆ ತಿಳಿಯಿತು.

ಅವತ್ತು ಗಾಳಿ ಬರಲಿಲ್ಲ. ನಾವು ಜೆಟ್ಟಿಯಲ್ಲೇ ಇತರ ಕೆಲಸ ಮಾಡುತ್ತಿದ್ದೆವು. ನಾನು ಗಳಿಗೆಗೊಮ್ಮೆ ನೀರು ನೋಡುತ್ತಿದ್ದೆ. ಮಧ್ಯಾಹ್ನವಾಯಿತು, ಸಂಜೆಯಾಯಿತು. ಒಂದು ಎಲೆ ಅಲುಗಲಿಲ್ಲ. ಜನ ಸಣ್ಣ ಸಣ್ಣ ದೋಣಿಗಳಲ್ಲಿ ಹೋಗಿ ಮೀನು ಹಿಡಿದು ಬಂದರು. ಒಬ್ಬ ನನಗೇ ಎರಡು ಶೇರಿ ಕೊಟ್ಟುಹೋದ. ವಿಲ್ಫ್ರೆಡ್ ಟ್ರೇಲರಿನ ಸರಪಳಿ ಬಿಗಿಯುತ್ತಿದ್ದ, ಮಡಚದ ಬೆರಳುಗಳಿಂದ ಕೊಕ್ಕೆ ಸಿಕ್ಕಿಸಲು ಒದ್ದಾಡುತ್ತ. ನಾನು ಸಹಾಯಕ್ಕೆ ಹೋದರೆ, "ಬಿಡಿ, ನಾನೇ ಮಾಡ್ತೇನೆ" ಎಂದ. ಸಿಟ್ಟು ಇತ್ತು. ಇರಬಾರದು ಎಂದು ನಾನು ಹೇಗೆ ಹೇಳಲಿ? ಆದರೆ ಹೊರಡುವಾಗ ಅವನೇ ಹಿಂದಿನ ಸೀಟಿನಿಂದ, "ಮಕ್ಕಳಿದ್ದವಲ್ಲ" ಎಂದ.

ಪಿಕಪ್ ನಾನು ಓಡಿಸುತ್ತಿದ್ದೆ. ಕಮಾಲ್ ಸಾಹೇಬರು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು. ಬೈದಿದ್ದರೆ ಹಗುರವಾಗುತ್ತಿತ್ತು. ದೋಹಾ ಹತ್ತಿರ ಬಂದು ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಬಾಯಿ ಬಿಟ್ಟರು.

"ನಾಳೆ ಇನ್ನೊಬ್ಬ ಗಿರಾಕಿ ಇದ್ದಾನೆ."

"ಹೌದು ಸಾಹೇಬ್. ಬೆಳಿಗ್ಗೆ."

"ನಾಳೆ ಕೂಡ ನಿನಗೆ ಬೇಡ ಅನ್ನಿಸಿದರೆ?"

ಹಿಂದಿನ ಸೀಟಿನಲ್ಲಿ ವಿಲ್ಫ್ರೆಡ್ ಅಲುಗಾಡದೆ ಕೂತಿದ್ದ.

"ಬೇಡ ಅಂತಲೇ ಹೇಳ್ತೇನೆ ಸಾಹೇಬ್."

ಸಿಗ್ನಲ್ ಹಸಿರಾಯಿತು.

"ತಮಾಮ್, ಅದೇ ಸರಿ" ಎಂದರು. "ಯಲ್ಲಾ, ಗಾಡಿ ಬಿಡು."